ಬಸಿರಿಗೆ ಮುಂಚಿನ ಮೂರು ತಿಂಗಳು

ಬಸುರಿ ಏನು ತಿನ್ನಬೇಕು, ಏನು ತಿನ್ನಬಾರದು ಎಂದು ಹೇಳಲು ನಮ್ಮಲ್ಲಿ ಮನೆಗೆ ನಾಲ್ವರಿದ್ದಾರೆ. ಬಸಿರು ನಿಲ್ಲುವ ಮುಂಚೆ ಏನು ಮಾಡಬೇಕೆಂದು ಹೇಳುವವರು ಅಪರೂಪ. ಸಕ್ಕರೆ ಪರೀಕ್ಷೆಯೂ ಸಾಮಾನ್ಯವಾಗಿ ನಡೆಯುವುದು ಮುಟ್ಟು ನಿಂತು, ತಾಯಿ ಕಾರ್ಡ್ ಮಾಡಿಸುವ ಹೊತ್ತಿಗೆ. ಮಗುವಿನ ಮೆದುಳು ಮತ್ತು ಬೆನ್ನುಹುರಿ ಆಗಬೇಕಾದ ನಾಳವಾದರೋ ಗರ್ಭ ಕಟ್ಟಿದ 28 ದಿನಗಳಲ್ಲೇ ಮುಚ್ಚಿಕೊಂಡಿರುತ್ತದೆ.

ಅಂಡಾಣುವಿನ ತಯಾರಿ ಇನ್ನೂ ಮೊದಲಿನದು. ಹೆಣ್ಣುಮಗು ಹುಟ್ಟುವಾಗಲೇ ಅಂಡಾಣುಗಳೆಲ್ಲ ಒಳಗಿರುತ್ತವೆ ನಿಜ. ಆದರೆ ಅದರಲ್ಲೊಂದು ಕೊನೆಯ ಹಂತ ದಾಟಿ ಮಾಗಲು ಸುಮಾರು ಮೂರು ತಿಂಗಳು ಹಿಡಿಯುತ್ತದೆ. ಆಗ ಅದರ ಸುತ್ತ ತುಂಬಿಕೊಳ್ಳುವ ದ್ರವಕ್ಕೆ ಮೂಲ ತಾಯಿಯ ರಕ್ತವೇ. ರಕ್ತದಲ್ಲಿ ಸಕ್ಕರೆ, ಇನ್ಸುಲಿನ್, ಕೊಬ್ಬಿನಾಮ್ಲ ಏರಿದ್ದರೆ ಅಲ್ಲಿಯೂ ಏರುತ್ತವೆ. ಪೆಟ್ಟು ಬೀಳುವುದು ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಗಳಿಗೆ. ತಂದೆಯ ಮೈಟೊಕಾಂಡ್ರಿಯಾಗಳು ಭ್ರೂಣದಲ್ಲಿ ಉಳಿಯುವುದಿಲ್ಲ. ಮೊದಲ ಐದಾರು ದಿನ ಭ್ರೂಣ ಹೊಸದನ್ನು ಹೆಚ್ಚಾಗಿ ಮಾಡಿಕೊಳ್ಳುವುದೂ ಇಲ್ಲ. ಗರ್ಭಕೋಶಕ್ಕೆ ಅಂಟುವವರೆಗಿನ ಪಯಣವೆಲ್ಲ ತಾಯಿ ಕಟ್ಟಿಕೊಟ್ಟ ಬುತ್ತಿಯ ಮೇಲೆ. ಅದು ಹಳಸಿದ್ದರೆ ವರ್ಣತಂತುಗಳ ಹಂಚಿಕೆ ತಪ್ಪಬಹುದು, ಕೋಶ ವಿಭಜನೆ ನಿಧಾನವಾಗಬಹುದು. ಈ ತಿಳಿವಳಿಕೆಯಲ್ಲಿ ಬಹುಪಾಲು ಇಲಿ, ಹಸುಗಳ ಮೇಲಿನ ಪ್ರಯೋಗದಿಂದ ಬಂದದ್ದು. ಮನುಷ್ಯರಲ್ಲಿ ಚಿತ್ರ ಅಷ್ಟು ನೇರವಾಗಿಲ್ಲ. ಹಾಗಾಗಿ ಗರ್ಭ ನಿಲ್ಲದ ಹೆಣ್ಣಿನ ತಟ್ಟೆಗೆ ಬೆರಳು ತೋರಿಸಲು ಇದನ್ನು ಯಾರೂ ಬಳಸಬಾರದು.

ಮೊದಲು ರಕ್ತಪರೀಕ್ಷೆ

ಮಗು ಬೇಕೆಂದು ನಿರ್ಧರಿಸಿದ ತಿಂಗಳೇ ಖಾಲಿ ಹೊಟ್ಟೆಯ ಸಕ್ಕರೆ ಮತ್ತು ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ ಮಾಡಿಸಿ. ಖಾಲಿ ಹೊಟ್ಟೆಯಲ್ಲಿ 100ರಿಂದ 125, ಎಚ್‌ಬಿಎ1ಸಿಯಲ್ಲಿ 5.7ರಿಂದ 6.4 ಬಂದರೆ ಅದು ಮಧುಮೇಹದ ಹೊಸ್ತಿಲು. ಸಕ್ಕರೆ ಕಾಯಿಲೆ ಆಗಲೇ ಇರುವವರು ಎಚ್‌ಬಿಎ1ಸಿಯನ್ನು 6.5ಕ್ಕಿಂತ ಕೆಳಗಿಳಿಸಿಕೊಂಡು ಮುಂದುವರಿಯುವುದು ಒಳ್ಳೆಯದು. 10 ದಾಟಿದ್ದರೆ ಸದ್ಯಕ್ಕೆ ಗರ್ಭನಿರೋಧಕ ಬಿಡಬೇಡಿ. ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಇದ್ದವರಲ್ಲಿ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯ ಎಂಬುದು ಗೊತ್ತೇ ಇದೆ. ಅದಕ್ಕೇ ಹಿಮೋಗ್ಲೋಬಿನ್ ಕೂಡ ನೋಡಿಸಿ, ಜೊತೆಗೆ ಥೈರಾಯ್ಡ್.

ಬಿ12 ಮರೆಯಬೇಡಿ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997–98ರ ಹೊತ್ತಿಗೆ ಗರ್ಭಿಣಿಯರನ್ನು ಸೇರಿಸಿಕೊಂಡು ಶುರುವಾದ ಪಾರ್ಥೆನಾನ್ ಅಧ್ಯಯನದಲ್ಲಿ ಬಿ12 ಕೊರತೆ ವ್ಯಾಪಕವಾಗಿತ್ತು. ಗರ್ಭಾವಸ್ಥೆಯಲ್ಲಿ ಮಧುಮೇಹ ಬಂದಿದ್ದ ತಾಯಂದಿರ ಮಕ್ಕಳಲ್ಲಿ ಬಾಲ್ಯದಲ್ಲೇ ಕೊಬ್ಬು ಹೆಚ್ಚಿದ್ದದ್ದೂ ಅಲ್ಲೇ ಕಂಡುಬಂತು.

ತೂಕ, ಸೊಂಟ, ಮುಟ್ಟು

ನಮ್ಮವರ ಮೈಕಟ್ಟಿಗೆ ಬಿಎಂಐ 23 ದಾಟಿದರೆ ಹೆಚ್ಚು ತೂಕ, 25ಕ್ಕೆ ಬೊಜ್ಜು. ತೆಳ್ಳಗಿದ್ದೇನೆ ಎಂದು ಸುಮ್ಮನಾಗುವಂತೆಯೂ ಇಲ್ಲ. ಟೇಪು ತೆಗೆದು ಸೊಂಟ ಅಳೆಯಿರಿ, 80 ಸೆಂಟಿಮೀಟರ್ ಮೀರಿದ್ದರೆ ಒಳಗಿನ ಕೊಬ್ಬಿನ ಬಗ್ಗೆ ಯೋಚಿಸಬೇಕು. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುತ್ತಿದ್ದರೆ ಪಿಸಿಓಎಸ್ (ಹಾರ್ಮೋನ್ ಏರುಪೇರಿನಿಂದ ಅಂಡಾಣು ಬಿಡುಗಡೆ ತಪ್ಪುವ ತೊಂದರೆ) ಇದೆಯೇ ಎಂದು ವೈದ್ಯರನ್ನು ಕೇಳಿ. ಪಿಸಿಓಎಸ್ ಜೊತೆ ಹೆಚ್ಚು ತೂಕವೂ ಇರುವವರು ಅದರಲ್ಲಿ ಶೇ 5ರಿಂದ 10 ಇಳಿಸಿದರೂ ಎಷ್ಟೋ ಜನರಿಗೆ ಅಂಡಾಣು ಬಿಡುಗಡೆ ಮತ್ತೆ ಶುರುವಾಗುತ್ತದೆ. 70 ಕಿಲೋ ಇರುವವರಿಗೆ ಅದು ಮೂರೂವರೆಯಿಂದ ಏಳು ಕಿಲೋ ಅಷ್ಟೆ.

ಇಳಿಸುವ ಭರದಲ್ಲಿ ಉಪವಾಸ ಕೂರುವುದು ಬೇಡ. ತಟ್ಟನೆ ಕರಗಿದ ಕೊಬ್ಬು ರಕ್ತಕ್ಕೇ ಬರುತ್ತದೆ, ಅಲ್ಲಿಂದ ಅಂಡಾಣುವಿನ ಸುತ್ತಲಿಗೂ. ಅನ್ನವನ್ನೋ ಮುದ್ದೆಯನ್ನೋ ಅರ್ಧ ಮಾಡಿ, ಆ ಜಾಗಕ್ಕೆ ಹುರುಳಿಕಾಳು, ಹೆಸರುಕಾಳಿನ ಪಲ್ಯ, ಸೊಪ್ಪಿನ ಬಸ್ಸಾರು, ಮೊಟ್ಟೆ, ಮೀನು ಬರಲಿ. (ರಾಗಿ ತಿಂದರೆ ಸಕ್ಕರೆ ಏರುವುದೇ ಇಲ್ಲ ಎಂಬುದು ನಮ್ಮ ಅಭಿಮಾನದ ಮಾತು, ಎರಡು ಮುದ್ದೆ ಎರಡು ಮುದ್ದೆಯೇ.) ದಿನಕ್ಕೆ ನಾಲ್ಕು ಸಲ ಸಕ್ಕರೆ ಹಾಕಿದ ಕಾಫಿ ಕುಡಿಯುವವರು ಮೊದಲು ಅಲ್ಲಿ ಕೈ ಹಿಡಿಯಲಿ. ವಾರಕ್ಕೆ 150 ನಿಮಿಷ ಬಿರುಸು ನಡಿಗೆ ಸಾಕು.

ಮಾತ್ರೆಗಳ ಚೀಟಿ

ಫೋಲಿಕ್ ಆಸಿಡ್ ದಿನಕ್ಕೆ 400 ಮೈಕ್ರೋಗ್ರಾಂ, ಮೂರು ತಿಂಗಳು ಮುಂಚಿನಿಂದಲೇ. ಸಕ್ಕರೆ ಕಾಯಿಲೆ ಇದ್ದವರಿಗೆ ವೈದ್ಯರು 5 ಮಿಲಿಗ್ರಾಂ ಬರೆಯುವುದುಂಟು. ಬಿ12 ಕೊರತೆ ಇದ್ದರೆ ಅದನ್ನೂ ಸರಿಪಡಿಸಿಕೊಳ್ಳಿ, ಫೋಲಿಕ್ ಆಸಿಡ್ ಒಂದನ್ನೇ ನುಂಗಿದರೆ ಆ ಕೊರತೆ ಮರೆಯಾಗಿ ಉಳಿಯಬಹುದು. ಕೊಲೆಸ್ಟ್ರಾಲಿನ ಸ್ಟ್ಯಾಟಿನ್, ರಕ್ತದೊತ್ತಡದ ಕೆಲವು ಮಾತ್ರೆ ಗರ್ಭಕ್ಕೆ ಆಗಿಬರುವುದಿಲ್ಲ. ತೂಕ ಇಳಿಸುವ ಸೆಮಾಗ್ಲುಟೈಡ್ ಚುಚ್ಚುಮದ್ದನ್ನು ಕನಿಷ್ಠ ಎರಡು ತಿಂಗಳು ಮುಂಚೆ ನಿಲ್ಲಿಸಬೇಕು. ಯಾವುದನ್ನೂ ನೀವಾಗಿಯೇ ಬಿಡಬೇಡಿ, ಚೀಟಿ ಹಿಡಿದು ವೈದ್ಯರ ಹತ್ತಿರ ಹೋಗಿ.

ಗಂಡನನ್ನೂ ಕರೆದೊಯ್ಯಿರಿ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು. ಬೊಜ್ಜು, ಸಿಗರೇಟು, ಮದ್ಯ ಅದನ್ನೂ ಕೆಡಿಸುತ್ತವೆ. ನಿಮಗೆ ವಯಸ್ಸು 35 ದಾಟಿದ್ದರೆ ತೂಕ ಇಳಿಸಲೆಂದೇ ವರ್ಷ ಕಳೆಯಬೇಡಿ. ವಯಸ್ಸು ಅಂಡಾಣುವಿಗೆ ಮಾಡುವ ಹಾನಿಯನ್ನು ಯಾವ ಪಥ್ಯವೂ ತುಂಬಿಕೊಡುವುದಿಲ್ಲ. ಅಂಥವರು ಆರು ತಿಂಗಳು ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ ತಜ್ಞರನ್ನು ಕಾಣಬೇಕು.

ಮುಟ್ಟು ನಿಂತಿತೋ, ಮೊದಲ ಭೇಟಿಯಲ್ಲೇ 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆ ಕೇಳಿ. ಎರಡು ಗಂಟೆಯ ನಂತರ 140 ಅಥವಾ ಹೆಚ್ಚು ಬಂದರೆ ಅಂದಿನಿಂದಲೇ ಚಿಕಿತ್ಸೆ. ಕಡಿಮೆ ಇದ್ದರೂ 24ರಿಂದ 28ನೇ ವಾರದ ನಡುವೆ ಇನ್ನೊಮ್ಮೆ ಮಾಡಿಸಬೇಕು.