ಮನೋರೋಗದ ಆಸ್ಪತ್ರೆಯಲ್ಲಿ ಯಾರು ಯಾವ ಕೆಲಸ ಮಾಡುತ್ತಾರೆ?



ಈ ಸಲದ ಪಾಠದ ಹೆಸರು ಓದಿದೊಡನೆ ಕೆಲವರು ನಕ್ಕಾರು. ಈ ಊರಿನಲ್ಲಿ ಒಬ್ಬನನ್ನು 'ಕೀಲ್ಪಾಕಿಗೆ ಕಳಿಸಬೇಕು' ಎಂದರೆ ಅವನಿಗೆ ಹುಚ್ಚೆಂದು ಅರ್ಥ. ನಾನೂ ಗಿರಣಿಯ ಆಫೀಸಿನಲ್ಲಿ ಎಷ್ಟೋ ಸಲ ಹಾಗೆ ಹಾಸ್ಯ ಮಾಡಿದವನೇ. ಹೋದ ವರ್ಷ ನಮ್ಮ ಕೋಣೆಯ ಹುಡುಗನೊಬ್ಬನನ್ನು ಕರೆದುಕೊಂಡು ಒಂದು ಸರ್ಕಾರಿ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಬೇಕಾಯಿತು. ಅಂದಿನಿಂದ ಆ ಹಾಸ್ಯವನ್ನು ಬಿಟ್ಟಿದ್ದೇನೆ. ಅಲ್ಲಿ ಕಂಡುದನ್ನೂ, ನಾನು ಮಾಡಿದ ಒಂದು ತಪ್ಪನ್ನೂ ಇಲ್ಲಿ ಬರೆಯುತ್ತೇನೆ. ಹುಡುಗನ ಒಪ್ಪಿಗೆ ಪಡೆದೇ ಬರೆದಿದ್ದೇನೆ. ಅವನು ಯಾರೆಂದು ಊಹಿಸಲು ಹೋಗಬೇಡಿ. ನಾನು ಮೆಟ್ರಿಕ್ ಓದಿದ ಗುಮಾಸ್ತ, ವೈದ್ಯನಲ್ಲ. ಯಾರಿಗೆ ಯಾವ ರೋಗವೆಂದು ಹೇಳುವುದು ಈ ಪಾಠದ ಕೆಲಸವೂ ಅಲ್ಲ.

೧. ಆ ಹೆಸರಿನ ಹಿಂದಿನ ಸಂಗತಿ

ಮದರಾಸಿನಲ್ಲಿ ಮನೋರೋಗಿಗಳಿಗಾಗಿ ಮೊದಲು ಒಂದು ಮನೆ ತೆರೆದದ್ದು ೧೭೯೪ರಲ್ಲಿ, ವ್ಯಾಲೆಂಟೈನ್ ಕಾನೋಲಿ ಎಂಬ ಸರ್ಜನ್ನಿನಿಂದ. ೧೮೭೧ರಲ್ಲಿ ಕೀಲ್ಪಾಕಿನ ಲೋಕಾಕ್ ತೋಟದಲ್ಲಿ ಸರ್ಕಾರದ ಆಶ್ರಯಾಲಯವಾಯಿತು. ೧೯೨೨ರಲ್ಲಿ 'ಸರ್ಕಾರಿ ಮಾನಸಿಕ ಆಸ್ಪತ್ರೆ' ಎಂದೂ, ೧೯೭೮ರಲ್ಲಿ 'ಮಾನಸಿಕ ಆರೋಗ್ಯ ಸಂಸ್ಥೆ' ಎಂದೂ ಹೆಸರು ಬದಲಾಯಿತು. ಹೆಸರಿನೊಡನೆ ಕೆಲಸದ ರೀತಿಯೂ ಬದಲಾಯಿತೆಂಬುದನ್ನು ಗಮನಿಸಬೇಕು. ಹಿಂದೆ ರೋಗಿಯನ್ನು ಗೋಡೆಯೊಳಗೆ ಇಡುವುದೇ ಮುಖ್ಯವಾಗಿತ್ತು. ಪ್ಯಾರಿಸಿನಲ್ಲಿ ೧೯೫೨ರಲ್ಲಿ ಕ್ಲೋರ್‌ಪ್ರೊಮಜೀನ್ ಎಂಬ ಔಷಧವನ್ನು ಈ ರೋಗಕ್ಕೆ ಕೊಡತೊಡಗಿದ ಮೇಲೆ, ಅನೇಕರು ಮನೆಯಲ್ಲಿದ್ದುಕೊಂಡೇ ಚಿಕಿತ್ಸೆ ಪಡೆಯುವ ಕಾಲ ಬಂದಿತು.

ಈ ಬದಲಾವಣೆಯಲ್ಲಿ ನಮ್ಮ ಕಡೆಯವರ ಪಾಲೂ ಉಂಟು. ೧೯೨೩ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಡಾ. ಶಾರದಾ ಮೆನನ್ ಅವರು ಭಾರತದ ಮೊದಲ ಮಹಿಳಾ ಮನೋವೈದ್ಯೆ ಎನಿಸಿದವರು. ಬೆಂಗಳೂರಿನಲ್ಲಿ ತರಬೇತಿ ಪಡೆದು, ೧೯೬೧ರಿಂದ ೧೯೭೮ರವರೆಗೆ ಕೀಲ್ಪಾಕಿನ ಆಸ್ಪತ್ರೆಯ ಮುಖ್ಯಸ್ಥೆಯಾಗಿದ್ದರು. ೧೯೮೪ರಲ್ಲಿ ಇದೇ ಊರಿನಲ್ಲಿ ಸ್ಕಾರ್ಫ್ ಎಂಬ ಸಂಸ್ಥೆಯನ್ನು ಕಟ್ಟಿದರು. ೨೦೨೧ರಲ್ಲಿ ತೀರಿಕೊಂಡರು.

೨. ಯಾರ ಕೆಲಸ ಯಾವುದು?

ಈ ಕೆಲಸ ಒಬ್ಬ ವೈದ್ಯರಿಂದ ಆಗುವಂಥದಲ್ಲ. ಗಿರಣಿಯಲ್ಲಿ ನೂಲುವವನು, ನೇಯುವವನು, ಲೆಕ್ಕ ಬರೆಯುವವನು ಬೇರೆ ಬೇರೆ ಇರುವಂತೆ ಇಲ್ಲಿಯೂ ಕೆಲಸ ಹಂಚಿಕೊಂಡಿದೆ.

ಮನೋವೈದ್ಯರು: ಇವರು ಮೊದಲು ಕೇಳುವುದು ನಿದ್ದೆ, ಊಟ, ಕೆಲಸ, ಕುಡಿತ ಇವುಗಳ ವಿಷಯ. ಇಲ್ಲದ ದನಿ ಕೇಳಿಸುತ್ತದೆಯೆ, ಯಾರಾದರೂ ಬೆನ್ನು ಹತ್ತಿದ್ದಾರೆಂಬ ಭಯವುಂಟೆ ಎಂದು ವಿಚಾರಿಸುತ್ತಾರೆ. ಥೈರಾಯಿಡ್ ದೋಷ, ತಲೆಯ ಪೆಟ್ಟು, ಕುಡಿತವನ್ನು ಥಟ್ಟನೆ ನಿಲ್ಲಿಸಿದ್ದು, ಇವೂ ಮನಸ್ಸನ್ನು ಕದಡಬಲ್ಲವು. ಆದುದರಿಂದ ರಕ್ತಪರೀಕ್ಷೆಗೆ ಬರೆದರೆ 'ಮನಸ್ಸಿನ ರೋಗಕ್ಕೆ ರಕ್ತವೇಕೆ?' ಎನ್ನಬಾರದು.

ಮನಶ್ಶಾಸ್ತ್ರಜ್ಞರು: ಇವರು ಔಷಧ ಬರೆಯುವುದಿಲ್ಲ. ಪ್ರಶ್ನೆಗಳಿಂದಲೂ ಪರೀಕ್ಷೆಗಳಿಂದಲೂ ನೆನಪು, ಗಮನ, ಯೋಚನೆಯ ರೀತಿಯನ್ನು ಅಳೆಯುತ್ತಾರೆ. ಕ್ರಮವಾದ ಮಾತುಕತೆಯಿಂದ ಚಿಕಿತ್ಸೆ ಮಾಡುತ್ತಾರೆ.

ಸಮಾಜ ಕಾರ್ಯಕರ್ತರು: ಮನೆಯಲ್ಲಿ ಯಾರಿದ್ದಾರೆ, ಸಾಲವೆಷ್ಟು, ಕೆಲಸ ಉಳಿದೀತೆ ಎಂಬುದನ್ನೆಲ್ಲ ಕೇಳಿ ಬರೆದುಕೊಳ್ಳುವವರು ಇವರು. ಊರಿನ ಬಂಧುಗಳಿಗೆ ತಿಳಿಸುವುದು, ಮನೆಯವರಿಗೆ ಬುದ್ಧಿ ಹೇಳುವುದು, ಪಿಂಚಣಿ ಮುಂತಾದ ಕಾಗದಪತ್ರಗಳಿಗೆ ದಾರಿ ತೋರಿಸುವುದು ಇವರ ಕೆಲಸ.

ದಾದಿಯರು: ಒಳರೋಗಿಗಳ ಬಳಿ ಹಗಲೂ ರಾತ್ರಿಯೂ ಇರುವವರು ಇವರೇ. ಮಾತ್ರೆ ಕೊಟ್ಟು, ನುಂಗಿದ್ದನ್ನು ನೋಡಿಯೇ ಮುಂದೆ ಹೋಗುತ್ತಾರೆ. ಯಾರು ಉಣ್ಣಲಿಲ್ಲ, ಯಾರು ಮಲಗಲಿಲ್ಲ, ಯಾರು ಮಾತು ಬಿಟ್ಟರು ಎಂಬುದನ್ನು ಬರೆದಿಡುತ್ತಾರೆ. ವೈದ್ಯರು ಬೆಳಿಗ್ಗೆ ನೋಡುವುದು ಆ ಬರಹವನ್ನು.

ಇವರಲ್ಲದೆ, ಬಿಟ್ಟುಹೋದ ಕೈಕೆಲಸವನ್ನು ಮತ್ತೆ ಅಭ್ಯಾಸ ಮಾಡಿಸುವವರು ಇದ್ದಾರೆ. ಮಾತ್ರೆ ಎಣಿಸಿಕೊಡುವವರು, ಚೀಟಿ ಬರೆಯುವ ಗುಮಾಸ್ತರೂ ಇದ್ದಾರೆ.

೩. ನಾನು ಮಾಡಿದ ತಪ್ಪು

ನಮ್ಮ ಹುಡುಗನು ಬಳ್ಳಾರಿಯ ಕಡೆಯವನು; ತಮಿಳು ಬಾರದು. ಆದುದರಿಂದ ನಾನು ದುಭಾಷಿಯಾದೆ. ವೈದ್ಯರು, ಬದುಕಿ ಏನು ಫಲವೆಂದು ಅನ್ನಿಸುತ್ತದೆಯೆ ಎಂದು ಕೇಳಿದರು. ಹುಡುಗನು ನೆಲ ನೋಡುತ್ತ ಹೇಳಿದನು: "ಅಣ್ಣಾ, ರಾತ್ರಿ ಕಣ್ಣು ಮುಚ್ಚೋದಿಲ್ಲ. ಮೂರು ತಿಂಗಳಾತು ಊರಿಗೆ ರೊಕ್ಕ ಕಳಿಸಿಲ್ಲ. ನಾನು ಇಲ್ದಿದ್ರೆ ಎಲ್ಲಾರಿಗೂ ಭಾರ ಕಡಿಮೆ ಆಗ್ತದ ಅನ್ನಿಸ್ತದ."

ನನಗೆ ನಾಚಿಕೆಯಾಯಿತು. ಪರರ ಮುಂದೆ ನಮ್ಮವನ ಇಂಥ ಮಾತನ್ನು ಹೇಗೆ ಹೇಳುವುದು? ಆಸ್ಪತ್ರೆಯಲ್ಲಿ ಹಿಡಿದಿಟ್ಟುಕೊಂಡರೆ? "ಕೆಲಸದಿಂದ ಆಯಾಸವಾಗಿದೆ ಅನ್ನುತ್ತಾನೆ" ಎಂದು ತಮಿಳಿನಲ್ಲಿ ಹೇಳಿಬಿಟ್ಟೆ.

ವೈದ್ಯರು ಪೆನ್ನು ಕೆಳಗಿಟ್ಟರು. "ಅವರು ಹೇಳಿದ್ದು ಹತ್ತು ಮಾತು, ನೀವು ಹೇಳಿದ್ದು ಎರಡು. ಉಳಿದ ಎಂಟು ಎಲ್ಲಿ ಸಾರ್?" ಎಂದರು. ಗದರಲಿಲ್ಲ. ದಿನವೂ ಲೆಕ್ಕದ ಪುಸ್ತಕದಲ್ಲಿ ಒಂದು ಕಾಸು ಹೆಚ್ಚುಕಡಿಮೆಯಾಗದಂತೆ ನೋಡುವ ನಾನು, ಒಂದು ಜೀವದ ಲೆಕ್ಕದಲ್ಲಿ ಮರೆಮಾಚಿದ್ದೆ. ಪೂರ್ತಿ ಹೇಳಿದೆ.

ಆಗ ಅವರ ಕೆಲಸವೇ ಬೇರೆಯಾಯಿತು. ಅರ್ಧ ಗಂಟೆ ಹೆಚ್ಚು ಕೂತರು. ಅಂಥ ಯೋಚನೆ ಎಷ್ಟು ದಿನದಿಂದ, ಏನಾದರೂ ಸಿದ್ಧತೆ ಮಾಡಿಕೊಂಡಿದ್ದಾನೆಯೆ ಎಂದು ಬಿಡಿಸಿ ಬಿಡಿಸಿ ಕೇಳಿದರು. ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂದು ನಾನು ಹೆದರಿದ್ದೆ. ಅದು ತಪ್ಪು ತಿಳಿವಳಿಕೆ. ಕೇಳಿದೊಡನೆ ಹುಡುಗನು ಅತ್ತು ಹಗುರಾದನು. ಸಮಾಜ ಕಾರ್ಯಕರ್ತೆಯು ಅವನ ಒಪ್ಪಿಗೆ ಪಡೆದು ಊರಿನ ಅಣ್ಣನಿಗೆ ಫೋನು ಮಾಡಿದರು. ಒಂದು ವಾರದ ಮಾತ್ರೆಯನ್ನು ಮಾತ್ರ ಕೊಟ್ಟು, ಅದು ನನ್ನ ಪೆಟ್ಟಿಗೆಯಲ್ಲಿರಬೇಕೆಂದೂ, ರಾತ್ರಿ ಅವನನ್ನು ಒಂಟಿಯಾಗಿ ಬಿಡಬಾರದೆಂದೂ ಹೇಳಿದರು. ನನ್ನ ಎರಡು ಮಾತನ್ನೇ ನಂಬಿದ್ದರೆ ಇದಾವುದೂ ಆಗುತ್ತಿರಲಿಲ್ಲ.

೪. ಮಾತ್ರೆ ಮತ್ತು ಊರು

ಮನಸ್ಸಿನ ಕುಗ್ಗಿಗೆ ಕೊಡುವ ಮಾತ್ರೆ ತಲೆನೋವಿನ ಮಾತ್ರೆಯಂತಲ್ಲ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕಾಗಬಹುದು. ಹೊಟ್ಟೆ ತೊಳಸುವುದು, ಮಂಪರು ಮುಂತಾದ ತೊಂದರೆಗಳು ಮೊದಲೇ ಕಾಣಬಹುದು. ಅನೇಕರು ಈ ನಡುವಿನಲ್ಲಿ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಗುಣವಾಯಿತೆಂದು ಬಿಡುತ್ತಾರೆ. ಎರಡೂ ಅಪಾಯ, ನಿಲ್ಲಿಸುವುದನ್ನು ವೈದ್ಯರೇ ಹೇಳಬೇಕು.

ಊರಿಗೆ ಹೋದರೆ ಏನು ಗತಿ ಎಂದು ಕೇಳಬಹುದು. ೧೯೮೦ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯಲ್ಲಿಯೇ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಈ ರೋಗಗಳ ವಿಷಯ ಕಲಿಸಿ ಒಂದು ಪ್ರಯೋಗ ನಡೆಸಿದರು. ಅದನ್ನೇ ಮಾದರಿಯಾಗಿಟ್ಟುಕೊಂಡು ೧೯೯೬ರಿಂದ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬೆಳೆಯಿತು. ಆದುದರಿಂದ ರಜೆಗೆ ಹೋಗುವಾಗ ಚಿಕಿತ್ಸೆಯ ಚೀಟಿಯನ್ನು ಕೊಂಡೊಯ್ದು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸತಕ್ಕದ್ದು.

ಹಿಡಿದಿಟ್ಟುಕೊಳ್ಳುತ್ತಾರೆಂಬ ಭಯಕ್ಕೂ ಉತ್ತರವುಂಟು. ೨೦೦೧ರ ಆಗಸ್ಟಿನಲ್ಲಿ ಇದೇ ತಮಿಳುನಾಡಿನ ಏರ್ವಾಡಿಯಲ್ಲಿ, ಖಾಸಗಿ ಮನೆಯೊಂದರಲ್ಲಿ ಸರಪಳಿಯಿಂದ ಕಟ್ಟಿದ್ದ ರೋಗಿಗಳು ಬೆಂಕಿಗೆ ಸಿಕ್ಕಿ ೨೮ ಮಂದಿ ಸತ್ತರು. ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಸರಪಳಿ ಹಾಕುವುದನ್ನು ಪೂರ್ತಿಯಾಗಿ ನಿಷೇಧಿಸಿದೆ. ರೋಗಿಯ ಗುಟ್ಟು ಕಾಯಬೇಕೆಂದೂ ಹೇಳಿದೆ.

೫. ನೆನಪಿಡತಕ್ಕ ಮಾತುಗಳು

ಜೊತೆಗೆ ಹೋದವನು ರೋಗಿಯ ಮಾತನ್ನು ಕತ್ತರಿಸದೆ, ಸೇರಿಸದೆ, ಅವನ ಮಾತಿನಲ್ಲೇ ಒಪ್ಪಿಸಬೇಕು. 'ಎದೆ ಭಾರ', 'ತಲೆ ಕೆಟ್ಟಿದೆ', 'ಮನಸ್ಸು ನಿಲ್ಲುವುದಿಲ್ಲ' ಎಂಬುದಕ್ಕೆ ತಮಿಳು ತೋಚದಿದ್ದರೆ, ತೋಚಲಿಲ್ಲವೆಂದು ಹೇಳಬೇಕು. ರೋಗಿಯು ಏಕಾಂತವಾಗಿ ಮಾತಾಡಬಯಸಿದರೆ ಹೊರಗೆ ಕೂಡಬೇಕು. ಕೇಳಿದ್ದನ್ನು ಕೋಣೆಗೆ ತರಬಾರದು.

೨೦೨೨ರ ಅಕ್ಟೋಬರಿನಲ್ಲಿ ಸರ್ಕಾರವು ಆರಂಭಿಸಿದ ಟೆಲಿ ಮಾನಸ್ ಎಂಬ ಫೋನು ಸೇವೆಯ ಸಂಖ್ಯೆ ೧೪೪೧೬. ಹಗಲೂ ರಾತ್ರಿಯೂ ಇರುತ್ತದೆ, ಸುಂಕವಿಲ್ಲ, ಅದರ ಭಾಷೆಗಳಲ್ಲಿ ಕನ್ನಡವೂ ಸೇರಿದೆ. ಈ ಸಂಖ್ಯೆಯನ್ನು ವಾಚನಾಲಯದ ಬಾಗಿಲ ಪಕ್ಕದ ಹಲಗೆಯ ಮೇಲೆ ಬರೆದಿದ್ದೇನೆ. ಯಾರೂ ಅಳಿಸಬಾರದಾಗಿ ವಿನಂತಿ.

ಹುಡುಗನು ಈಗ ಕೆಲಸಕ್ಕೆ ಹೋಗುತ್ತಿದ್ದಾನೆ. ಮಾತ್ರೆ ಇನ್ನೂ ಉಂಟು. ಈ ಪಾಠವನ್ನು ಅವನಿಗೆ ಓದಿ ಹೇಳಿದಾಗ, "ಎಂಟು ಮಾತಿನ ಸಂಗತಿ ಬಿಡಬ್ಯಾಡಣ್ಣಾ" ಎಂದನು. ಬಿಟ್ಟಿಲ್ಲ.

ಅಭ್ಯಾಸಕ್ಕೆ ಪ್ರಶ್ನೆಗಳು: (೧) ಮನೋವೈದ್ಯರಿಗೂ ಮನಶ್ಶಾಸ್ತ್ರಜ್ಞರಿಗೂ ಏನು ಭೇದ? (೨) ದುಭಾಷಿಯು ಮಾತನ್ನು ಮೃದು ಮಾಡಿದರೆ ಯಾರಿಗೆ ನಷ್ಟ? (೩) ನಿಮ್ಮ ಕೋಣೆಯಲ್ಲಿ ಒಬ್ಬನು ಊಟ, ನಿದ್ದೆ, ಮಾತು ಮೂರನ್ನೂ ಬಿಟ್ಟರೆ ನೀವು ಮೊದಲು ಏನು ಮಾಡುವಿರಿ?