ಟಾಕೀಸು ಹೋಯಿತು, ನೆನಪನ್ನಾದರೂ ಉಳಿಸಿಕೊಳ್ಳಿ

ಊರಿನ ಟಾಕೀಸು ಕೆಡವಿದ ದಿನ ನೀವೆಲ್ಲ ಮೊಬೈಲಿನಲ್ಲಿ ಫೋಟೊ ತೆಗೆದಿರಿ, ಅಯ್ಯೋ ಅಂದಿರಿ, ಮನೆಗೆ ಹೋದಿರಿ. ಅಷ್ಟಕ್ಕೇ ಮುಗಿಯಿತೇ? ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುವಂತಾಗದಿರಲಿ. ಗೋಡೆ ಹೋದರೂ ಅಲ್ಲಿ ದುಡಿದವರು ಇನ್ನೂ ಇದ್ದಾರೆ.

1934ರಲ್ಲಿ ಬಂದ ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಸಿನಿಮಾವನ್ನೇ ಕಳೆದುಕೊಂಡವರು ನಾವು. ಟಾಕೀಸಿನ ನೆನಪು ತಾನಾಗಿ ಉಳಿಯುತ್ತದೆಂದು ಕೂರಬೇಡಿ.

ಮೊದಲು ಪ್ರೊಜೆಕ್ಟರ್ ಓಡಿಸುತ್ತಿದ್ದ ಹಳೆಯ ಆಪರೇಟರನ್ನು ಕಾಣಿ. ಕಾರ್ಬನ್ ಕಡ್ಡಿಯ ಬೆಳಕು, ಪರದೆಯ ಬಲಮೂಲೆಯಲ್ಲಿ ಚುಕ್ಕೆ ಮಿಂಚಿದೊಡನೆ ಎರಡನೇ ಮಷಿನ್ ಶುರು ಮಾಡುವ ಚಾಕಚಕ್ಯತೆ, ಇವನ್ನು ಅವರೇ ಹೇಳಬೇಕು. ಆಮೇಲೆ ಗೇಟ್‌ಕೀಪರ್, ಪೋಸ್ಟರ್ ಅಂಟಿಸುತ್ತಿದ್ದವರು, ಇಂಟರ್‌ವಲ್‌ನಲ್ಲಿ ಕಡಲೆಕಾಯಿ ಮಾರುತ್ತಿದ್ದವರು. ಗಾಂಧಿ ಕ್ಲಾಸಿನವರನ್ನೂ ಬಾಲ್ಕನಿಯವರನ್ನೂ ಕೇಳಿ. ಒಂದೇ ಸಿನಿಮಾ, ಕಥೆ ಎರಡು. ಹೆಂಗಸರ ಕ್ಯೂ ಮರೆಯಬೇಡಿ.

ದಿಢೀರನೆ ಮೈಕು ಹಿಡಿದು ನುಗ್ಗಬೇಡಿ. ಒಪ್ಪಿಗೆ ಕೇಳಿ, ಫ್ಯಾನು ಆರಿಸಿ, ಮಾತನಾಡಲು ಬಿಡಿ. ನಡುವೆ ತಿದ್ದಬೇಡಿ. ಆದರೆ ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡಬೇಕು. ಇಸವಿಯ ವಿಷಯದಲ್ಲಿ ನೆನಪು ಜಾರುತ್ತದೆ. ಕರ್ನಾಟಕದ 1964ರ ಸಿನಿಮಾ ನಿಯಂತ್ರಣ ಕಾಯ್ದೆಯ ಪ್ರಕಾರ ಟಾಕೀಸಿಗೆ ಲೈಸೆನ್ಸ್ ಕೊಡುವ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟರದು, ಅಂದರೆ ಜಿಲ್ಲಾಧಿಕಾರಿಯದು. ಇಸವಿ ತಾಳೆ ನೋಡಲು ಹಳೆಯ ಲೈಸೆನ್ಸ್ ಕಡತ ಇದೆಯೇ ಎಂದು ಅವರ ಕಚೇರಿಗೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ ನೋಡಿ.

ಇನ್ನು ಸಾಮಾನುಗಳು. ಟಿಕೆಟ್ಟಿನ ಚೂರಿಗೂ ಪೋಸ್ಟರಿಗೂ ಸೆಲ್ಲೋಟೇಪ್ ಅಂಟಿಸುತ್ತೀರಲ್ಲ, ಆ ಚಾಳಿ ಬಿಡಿ! ಅದು ಹಳದಿಯಾಗಿ ಕಾಗದವನ್ನೇ ತಿನ್ನುತ್ತದೆ. ಲ್ಯಾಮಿನೇಷನ್ನೂ ಬೇಡ. ಪೋಸ್ಟರನ್ನು ಮಡಿಸದೆ ಸುತ್ತಿಡಿ. ಫೋಟೊದ ಹಿಂದೆ ಬಾಲ್‌ಪೆನ್ನಿನಿಂದ ಒತ್ತಿ ಬರೆಯಬೇಡಿ. ಮೆತ್ತನೆಯ ಪೆನ್ಸಿಲಿನಲ್ಲಿ ಯಾರು, ಎಲ್ಲಿ, ಯಾವಾಗ ಎಂದು ಬರೆಯಿರಿ. ಹೆಸರಿಲ್ಲದ ಫೋಟೊ ಮೊಮ್ಮಕ್ಕಳಿಗೆ ಬರೀ ಕಾಗದ. ಫಿಲ್ಮ್ ಡಬ್ಬ ಸಿಕ್ಕಿ ವಿನೆಗರ್ ವಾಸನೆ ಬಂದರೆ ಫಿಲ್ಮ್ ಕೆಡುತ್ತಿದೆ ಎಂದರ್ಥ. ಬೇರೆಯವುಗಳಿಂದ ದೂರ, ತಂಪಾದ ಒಣ ಜಾಗದಲ್ಲಿಡಿ.

ಕೊನೆಗೆ ನಾಲ್ಕು ಜನ ಹಿರಿಯರನ್ನು ಕೂರಿಸಿ ಟಾಕೀಸಿನ ನಕ್ಷೆ ಬರೆಸಿ: ಟಿಕೆಟ್ ಕಿಂಡಿ, ಸೈಕಲ್ ಸ್ಟ್ಯಾಂಡ್, ಪರದೆ. ಜಗಳವಾಡಲಿ, ಬಿಡಿ, ಆ ಜಗಳದಲ್ಲೇ ಮರೆತದ್ದೆಲ್ಲ ಹೊರಬರುತ್ತದೆ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ. ಎಲ್ಲದರ ಒಂದು ಪ್ರತಿ ಮನೆಯಲ್ಲಿರಲಿ, ಇನ್ನೊಂದನ್ನು ಊರಿನ ಗ್ರಂಥಾಲಯಕ್ಕೆ ಕೊಡಿ. ಮೊಬೈಲಿನಲ್ಲಿ ಮಾತ್ರ ಇಟ್ಟರೆ ಮೊಬೈಲಿನ ಜೊತೆಗೇ ಹೋಗುತ್ತದೆ.

ಮುಂದಿನ ತಿಂಗಳು ನೋಡೋಣ ಅನ್ನಬೇಡಿ. ಆಪರೇಟರಿಗೂ ವಯಸ್ಸಾಗಿದೆ. ಈ ಭಾನುವಾರವೇ ಹೊರಡಿ.