ವಿದ್ಯುತ್ ಕಾರು: ಬಾಳಿಕೆ ಮತ್ತು ಲಾಭದ ಲೆಕ್ಕಾಚಾರ

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ತೆರಕಣಾಂಬಿಯ ಮಾರ್ಗವಾಗಿ ಸುಮಾರು 35 ಕಿ.ಮೀ. ದೂರ. ಎರಡೂ ಪಟ್ಟಣಗಳಿಂದ ಮೈಸೂರು ಹೆಚ್ಚುಕಡಿಮೆ 60 ಕಿ.ಮೀ. ಅರಿಶಿನ, ತರಕಾರಿ, ಕರಿಕಲ್ಲಿನ ವಹಿವಾಟಿನಲ್ಲಿ ತೊಡಗಿರುವ ಇಲ್ಲಿನ ವರ್ತಕರ ನಿತ್ಯದ ಓಡಾಟ ಬಹುಪಾಲು ಈ ಅಳತೆಯೊಳಗೇ ಮುಗಿಯುತ್ತದೆ. ವಿದ್ಯುತ್ ಕಾರು ಕೊಳ್ಳಬೇಕೇ ಬೇಡವೇ ಎಂಬ ಪ್ರಶ್ನೆಗೆ ಉತ್ತರವನ್ನು ಜಾಹೀರಾತಿಗಿಂತ ಮೊದಲು ಈ ಅಂತರಗಳಲ್ಲಿ ಹುಡುಕುವುದು ಲೇಸು.

ಕರ್ನಾಟಕಕ್ಕೆ ಈ ವಾಹನ ಹೊಸತಲ್ಲ. ಬೆಂಗಳೂರಿನ ರೇವಾ ಕಾರು 2001ರಲ್ಲಿಯೇ ಮಾರುಕಟ್ಟೆಗೆ ಬಂದಿತ್ತು. ಎಂಟು ಸೀಸ-ಆಮ್ಲ ಬ್ಯಾಟರಿಗಳ ಬಲದಿಂದ ಒಮ್ಮೆಗೆ 80 ಕಿ.ಮೀ.ಯಷ್ಟು ಓಡುತ್ತಿದ್ದ ಆ ಕಾರು ಚಾಮರಾಜನಗರದಿಂದ ಮೈಸೂರು ತಲುಪಬಹುದಿತ್ತು. ಅಲ್ಲಿ ಚಾರ್ಜ್ ಮಾಡದೆ ಹಿಂದಿರುಗುವಂತಿರಲಿಲ್ಲ. ಮೇಲಾಗಿ, ಕಾರಿನ ಒಡಲು ಗಟ್ಟಿಯಾಗಿದ್ದರೂ ಕೆಲವೇ ವರ್ಷಗಳಲ್ಲಿ ಬ್ಯಾಟರಿಗಳನ್ನು ಬದಲಿಸಬೇಕಾಗುತ್ತಿತ್ತು. 2010ರಲ್ಲಿ ಮಹೀಂದ್ರ ಸಂಸ್ಥೆ ರೇವಾದ ಬಹುಪಾಲು ಷೇರುಗಳನ್ನು ಖರೀದಿಸಿತು.

ಇಂದಿನ ಲಿಥಿಯಂ-ಅಯಾನ್ ಬ್ಯಾಟರಿ ಹೆಚ್ಚು ಕಾಲ ಬಾಳುತ್ತದೆ. ಅನೇಕ ತಯಾರಕರು ಅದಕ್ಕೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ., ಯಾವುದು ಮೊದಲೋ ಅಲ್ಲಿಯವರೆಗೆ, ಖಾತರಿ ನೀಡುತ್ತಾರೆ. ಆದರೆ ಖಾತರಿಯ ಅವಧಿಯಲ್ಲಿಯೂ ಧಾರಣಶಕ್ತಿ ಕ್ರಮೇಣ ಕುಗ್ಗುತ್ತದೆ. 30 ಯೂನಿಟ್ ಬ್ಯಾಟರಿಯ ಕಾರೊಂದು ಯೂನಿಟ್ಟಿಗೆ 6 ಕಿ.ಮೀ. ಓಡುವುದೆಂದು ಭಾವಿಸಿದರೆ ಹೊಸತರಲ್ಲಿ 180 ಕಿ.ಮೀ. ಸಿಗುತ್ತದೆ. ಧಾರಣಶಕ್ತಿ ಶೇ. 80ಕ್ಕೆ ಇಳಿದಾಗ ಉಳಿಯುವುದು 144 ಕಿ.ಮೀ. ಆಗಲೂ ಮೈಸೂರಿಗೆ ಹೋಗಿಬರಬಹುದು, ಆದರೆ ಬಿಡುವು ಕಡಿಮೆ. ಗುಂಡ್ಲುಪೇಟೆಯ ಓಡಾಟಕ್ಕಂತೂ ತೊಂದರೆಯಿಲ್ಲ.

ಇನ್ನು ಹಣದ ವಿಚಾರ. ಪೆಟ್ರೋಲ್ ಲೀಟರಿಗೆ 100 ರೂ., ಮೈಲೇಜ್ 15 ಕಿ.ಮೀ., ವಿದ್ಯುತ್ ಯೂನಿಟ್ಟಿಗೆ 8 ರೂ. ಎಂದು ಹಿಡಿದರೆ ಪ್ರತಿ ಕಿ.ಮೀ.ಗೆ 5 ರೂ. 33 ಪೈಸೆ ಉಳಿತಾಯ. ದಿನಕ್ಕೆ 70 ಕಿ.ಮೀ.ಯಂತೆ ವರ್ಷದಲ್ಲಿ 300 ದಿನ ಓಡಿಸುವವರಿಗೆ ವಾರ್ಷಿಕ ಉಳಿತಾಯ ಸುಮಾರು 1.12 ಲಕ್ಷ ರೂ. ಪೆಟ್ರೋಲ್ ಕಾರಿಗಿಂತ 3 ಲಕ್ಷ ರೂ. ಹೆಚ್ಚು ತೆತ್ತಿದ್ದರೂ ಮೂರು ವರ್ಷದೊಳಗೆ ಅದು ಮರಳುತ್ತದೆ. ಅದೇ ಕಾರನ್ನು ಅಂಗಡಿಗೂ ಮನೆಗೂ ದಿನಕ್ಕೆ 20 ಕಿ.ಮೀ. ಮಾತ್ರ ಓಡಿಸಿದರೆ ಮರಳಲು ಒಂಬತ್ತು ವರ್ಷ ದಾಟುತ್ತದೆ. ಅಷ್ಟರಲ್ಲಿ ಬ್ಯಾಟರಿಯ ಖಾತರಿಯೇ ಮುಗಿದಿರುತ್ತದೆ. ಕಡಿಮೆ ಓಡುವವರೇ ಬ್ಯಾಟರಿ ಸವೆಯುವುದಿಲ್ಲವೆಂದು ಇಂತಹ ಕಾರು ಕೊಳ್ಳಲು ಮುಂದಾಗುವುದು ವಿಚಿತ್ರವೇ ಸರಿ.

ಬಂಡೀಪುರ ದಾಟಿ ಊಟಿಗೆ ಹೋಗುವವರ ಲೆಕ್ಕ ಬೇರೆ. ಗುಂಡ್ಲುಪೇಟೆಗಿಂತ ಊಟಿ ಸುಮಾರು 1,400 ಮೀಟರ್ ಎತ್ತರದಲ್ಲಿದೆ. ಜನರೂ ಸರಕೂ ಸೇರಿ 1,600 ಕಿಲೋ ತೂಗುವ ಕಾರನ್ನು ಅಷ್ಟೆತ್ತರ ಏರಿಸಲೆಂದೇ 6 ಯೂನಿಟ್ ಬೇಕು. ರಸ್ತೆಯ ದೂರಕ್ಕೆ ತಗಲುವ ವಿದ್ಯುತ್ತು ಇದಕ್ಕೆ ಹೊರತು. ಇಳಿಯುವಾಗ ಒಂದಂಶ ಬ್ಯಾಟರಿಗೆ ಮರಳುವುದು ನಿಜ, ಆದರೆ ಮೊದಲು ಮೇಲೇರಬೇಕಷ್ಟೆ. 2009ರಿಂದ ಬಂಡೀಪುರ ಅರಣ್ಯದ ರಸ್ತೆಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧವಿದೆ. ದಾರಿಯಲ್ಲಿ ಚಾರ್ಜಿಂಗಿಗೆ ಕಾದು ತಡವಾದರೆ ಆ ರಾತ್ರಿ ಗೇಟಿನ ಆಚೆಯೇ ಉಳಿಯಬೇಕಾದೀತು.

ಕೋಯಿಕ್ಕೋಡ್ ಮೊದಲಾದ ದೂರದ ಪೇಟೆಗಳಿಗೆ ಆಗಾಗ ಹೋಗುವವರಿಗೆ ಹೈಬ್ರಿಡ್ ಕಾರು ಹೊಂದುತ್ತದೆ. ಬಿಡದಿಯಲ್ಲಿ ತಯಾರಾಗುವ ಟೊಯೋಟಾ ಇನ್ನೋವಾ ಹೈಕ್ರಾಸ್ ಈ ಬಗೆಯದು. ಪೆಟ್ರೋಲ್ ಎಂಜಿನ್ ಇರುವುದರಿಂದ ಚಾರ್ಜಿಂಗಿನ ಹಂಗಿಲ್ಲ, ಬ್ಯಾಟರಿಯೂ ಚಿಕ್ಕದು. ಆದರೆ ಇಂಧನದ ಉಳಿತಾಯ ಹೆಚ್ಚಾಗಿ ಕಾಣುವುದು ನಿಂತು ಸಾಗುವ ಪೇಟೆಯ ಸಂಚಾರದಲ್ಲಿ; ಹೆದ್ದಾರಿಯ ಸಮವೇಗದಲ್ಲಿ ಅಷ್ಟಿಲ್ಲ.

ಮನೆ ಅಥವಾ ಗೋದಾಮಿನ 15 ಆಂಪಿಯರ್ ಸಾಕೆಟ್ಟಿನಿಂದ ಗಂಟೆಗೆ ಸುಮಾರು 3 ಯೂನಿಟ್ ತುಂಬುತ್ತದೆ. 70 ಕಿ.ಮೀ. ಓಡಿದ ಕಾರಿಗೆ ನಾಲ್ಕು ಗಂಟೆ ಸಾಕು. ರಾತ್ರಿ ಒಂದೆರಡು ತಾಸು ವಿದ್ಯುತ್ ಹೋದರೂ ಬೆಳಗಿನೊಳಗೆ ಸಿದ್ಧವಾಗುತ್ತದೆ. ಮೊದಲೇ ವೈರಿಂಗ್ ಮತ್ತು ಅರ್ಥಿಂಗನ್ನು ಪರೀಕ್ಷಿಸಿಕೊಳ್ಳಬೇಕು. ಹಳೆಯ ಕಾರು ಕೊಳ್ಳುವವರು ಬ್ಯಾಟರಿಯ ಉಳಿದ ಧಾರಣಶಕ್ತಿ ಎಷ್ಟೆಂಬುದನ್ನೂ, ಖಾತರಿ ಎರಡನೆಯ ಮಾಲೀಕನಿಗೆ ಯಾವ ಷರತ್ತಿನ ಮೇಲೆ ವರ್ಗವಾಗುವುದೆಂಬುದನ್ನೂ ಅಧಿಕೃತ ಸೇವಾ ಕೇಂದ್ರದಿಂದ ಲಿಖಿತವಾಗಿ ಪಡೆದ ಮೇಲೆಯೇ ಮುಂಗಡ ಕೊಡುವುದು ಕ್ಷೇಮ.